ಹೆರಿಗೆ ಡಬ್ಬಿ ಬೇಡ, ಹಸಿರು ಇರಲಿ

ನನ್ನ ಕಪ್ಪು ಮೋಲಿ ಮೀನಿನ ಹೊಟ್ಟೆ ಮೊದಲ ಸಲ ಉಬ್ಬಿದಾಗ, ಹುಟ್ಟಿದ ಮರಿಗಳು ದೊಡ್ಡ ಮೀನುಗಳ ಬಾಯಿಗೆ ಬೀಳದಿರಲೆಂದು ನಾನೂ ಎಲ್ಲರಂತೆ ಒಂದು ಪ್ಲಾಸ್ಟಿಕ್ಕಿನ ಹೆರಿಗೆ ಡಬ್ಬಿ ತಂದೆ. ತೊಟ್ಟಿಯ ಅಂಚಿಗೆ ಸಿಕ್ಕಿಸಿ, ಬಲೆ ಹಿಡಿದು ಮೀನನ್ನು ಹತ್ತು ನಿಮಿಷ ಅಟ್ಟಾಡಿಸಿ, ಕೊನೆಗೂ ಹಿಡಿದು ಅದರೊಳಗೆ ಬಿಟ್ಟೆ. ಅಂಗೈ ಅಗಲದ ಜಾಗ. ರಾತ್ರಿಯಿಡೀ ಮೀನು ಗೋಡೆಗೆ ಮೂತಿ ಉಜ್ಜುತ್ತಾ ಮೇಲೆ ಕೆಳಗೆ ಓಡಾಡಿತು. ಬೆಳಿಗ್ಗೆ ಎದ್ದು ನೋಡಿದರೆ ತಳದಲ್ಲಿ ಆರೇಳು ಮರಿ ಬಿದ್ದಿದ್ದವು. ಪ್ರತಿಯೊಂದರ ಹೊಟ್ಟೆಗೂ ಹಳದಿ ಬಣ್ಣದ ಪುಟಾಣಿ ಚೀಲವೊಂದು ಅಂಟಿಕೊಂಡಿತ್ತು. ಒಂದೂ ಈಜಲಿಲ್ಲ.

ಆ ಚೀಲ ಕಂಡರೆ ದಿನ ತುಂಬುವ ಮೊದಲೇ ಹೆರಿಗೆಯಾಗಿದೆ ಎಂದೇ ಅರ್ಥ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಎಲ್ಲವೂ ಪೊಯೆಸಿಲಿಡೇ ಎಂಬ ಒಂದೇ ಕುಟುಂಬದವು. ಇವು ಮೊಟ್ಟೆಯನ್ನು ನೀರಿಗೆ ಬಿಡುವುದಿಲ್ಲ. ಗಂಡಿನ ಹೊಟ್ಟೆಯಡಿಯ ಹಿಂದಿನ ಈಜುರೆಕ್ಕೆ ಕಡ್ಡಿಯಂತೆ ನೀಳವಾಗಿ ಗೊನೊಪೋಡಿಯಂ ಆಗಿರುತ್ತದೆ. ವೀರ್ಯವನ್ನು ಹೆಣ್ಣಿನ ದೇಹದೊಳಕ್ಕೆ ಸೇರಿಸುವ ಅಂಗ ಅದೇ. ಮೊಟ್ಟೆ ಅಂಡಾಶಯದಲ್ಲೇ ಫಲಿತು, ಅಲ್ಲೇ ಮರಿಯಾಗುತ್ತದೆ. ಉಸಿರಾಟಕ್ಕೆ ಆಮ್ಲಜನಕವನ್ನು ತಾಯಿಯೇ ಕೊಡುತ್ತದೆ. ಆದರೆ ಗಪ್ಪಿಯಂಥ ಮೀನುಗಳಲ್ಲಿ ಮರಿಯ ಊಟ ಬಹುಮಟ್ಟಿಗೆ ಮೊಟ್ಟೆಯ ಭಂಡಾರದ್ದೇ, ನಾನು ಕಂಡ ಹಳದಿ ಚೀಲ ಅದೇ. ಆ ಭಂಡಾರ ಖಾಲಿಯಾದಾಗಲೇ ಮರಿ ಹೊರಗೆ ಬರಬೇಕು. ಇದೇ ಕುಟುಂಬದ ಪೊಯೆಸಿಲಿಯಾಪ್ಸಿಸ್ ಕುಲದ ಕೆಲವು ಮೀನುಗಳಲ್ಲಾದರೋ ಮಾಸದಂಥ (ಪ್ಲಾಸೆಂಟಾದಂಥ) ಅಂಗವೇ ವಿಕಾಸಗೊಂಡಿದೆ. ಅವು ಬಸಿರಿನುದ್ದಕ್ಕೂ ಮರಿಗಳನ್ನು ಪೋಷಿಸುತ್ತವೆ.

ಗಪ್ಪಿ ಸಾಕುವವರಿಗೆ ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಭಂಡಾರ ತುಂಬುವುದು ಮೊಟ್ಟೆ ಫಲಿಸುವ ಮೊದಲು. ಹೊಟ್ಟೆ ಕಂಡ ಮೇಲೆ ಆರೈಕೆಯ ಊಟ ಶುರು ಮಾಡಿದರೆ ಅದು ತಾಯಿಯ ಮೈಗೆ ಒಳ್ಳೆಯದೇ, ಆದರೆ ಮೊಟ್ಟೆಯ ಲೆಕ್ಕದಲ್ಲಿ ಹೆಚ್ಚಾಗಿ ಸಲ್ಲುವುದು ಮುಂದಿನ ಹೆರಿಗೆಗೆ. ಹಾಗಾಗಿ ಹೆಣ್ಣುಮೀನಿಗೆ ವರ್ಷವಿಡೀ ಒಳ್ಳೆಯ ಊಟ ಸಿಗಬೇಕು. ಮೋಲಿಗಾದರೆ ಸ್ವಲ್ಪ ಸೊಪ್ಪು, ಪಾಚಿಯೂ ಬೇಕು.

ಮುಂದಿನ ಹೆರಿಗೆ ಬಂದೇ ಬರುತ್ತದೆ, ಗಂಡು ಇರಲಿ ಬಿಡಲಿ. ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕೂಡಿಟ್ಟುಕೊಂಡು, ಒಂದೇ ಕೂಡಿಕೆಯಿಂದ ಹಲವು ಸೂಲು ಮರಿ ಹಾಕಬಲ್ಲದು. ಒಂಟಿ ಗಪ್ಪಿ ತಂದು ಬಿಟ್ಟವರು ತಿಂಗಳು ಕಳೆದ ಮೇಲೆ ತೊಟ್ಟಿಯಲ್ಲಿ ಮರಿಗಳನ್ನು ಕಂಡು ಕಣ್ಣುಜ್ಜಿಕೊಳ್ಳುವುದು ಇದರಿಂದಲೇ. ಗಂಡು ಹೆಣ್ಣು ಒಟ್ಟಿಗೇ ಬೆಳೆದ ತೊಟ್ಟಿಯಿಂದ ಬಂದ ದೊಡ್ಡ ಹೆಣ್ಣು ಬಸಿರಾಗಿಯೇ ಇರುತ್ತದೆ ಎಂದುಕೊಳ್ಳುವುದು ಕ್ಷೇಮ. ಗಪ್ಪಿಗೆ ಸುಮಾರು 4 ವಾರದ ಬಸಿರು, ಮೋಲಿಗೆ ಒಂದರಿಂದ ಎರಡು ತಿಂಗಳು. ನೀರು ತಣ್ಣಗಿದ್ದರೆ ದಿನ ಮುಂದೆ ಹೋಗುತ್ತದೆ.

ತಿಳಿಬಣ್ಣದ ಮೀನಿನಲ್ಲಿ ಹೊಟ್ಟೆಯ ಹಿಂಭಾಗದಲ್ಲೊಂದು ಕಪ್ಪು ಮಚ್ಚೆ ಕಾಣುತ್ತದೆ. ದಿನ ತುಂಬುತ್ತಾ ಬಂದಂತೆ ಅದು ಹಿಗ್ಗಿ ಗಾಢವಾಗುತ್ತದೆ, ಹೊಟ್ಟೆ ದುಂಡಗಿದ್ದದ್ದು ಚೌಕಾಕಾರಕ್ಕೆ ತಿರುಗುತ್ತದೆ. ಗಪ್ಪಿಯಾದರೆ ತೆಳುವಾದ ಚರ್ಮದ ಹಿಂದೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳೂ ಕಂಡಾವು, ಅವು ಹುಟ್ಟದ ಮರಿಗಳ ಕಣ್ಣು. ಕಪ್ಪು ಮೋಲಿಯಲ್ಲಿ ಇದ್ಯಾವುದೂ ಕಾಣದು, ಹೊಟ್ಟೆಯ ಆಕಾರವೇ ಗತಿ. ಆದರೆ ಉಬ್ಬಿದ ಹೊಟ್ಟೆಯೆಲ್ಲ ಬಸಿರಲ್ಲ. ಮೇಲಿನಿಂದ ನೋಡಿದಾಗ ಹುರುಪೆಗಳು ಮೈಬಿಟ್ಟು ನಿಮಿರಿ ನಿಂತಿದ್ದರೆ ಅದು ಮೈಯೊಳಗೆ ನೀರು ತುಂಬುವ ಕಾಯಿಲೆ.

ಇನ್ನು ನೀರು. ಈ ಮೀನುಗಳಿಗೆ ಗಡಸು ನೀರೇ ಹಿತ, ಪಿಎಚ್ (ನೀರಿನ ಆಮ್ಲ, ಕ್ಷಾರದ ಅಳತೆ) 7ರಿಂದ 8ರೊಳಗೆ, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್. ಮೆದು ನೀರಿನಲ್ಲಿ ಮೋಲಿ ಮುಂದಕ್ಕೆ ಹೋಗದೆ ನಿಂತಲ್ಲೇ ಮೈ ತೊನೆಯಲು ಶುರು ಮಾಡುತ್ತದೆ. ಪಿಎಚ್ ಏರಿದಷ್ಟೂ, ಕೊಳೆತ ಊಟ, ಹೊಲಸಿನಿಂದ ಹುಟ್ಟುವ ಅಮೋನಿಯಾದ ವಿಷ ಜೋರು. ಆದ್ದರಿಂದ ಬಸುರಿಗೆಂದು ಊಟ ಹೆಚ್ಚು ಸುರಿದು ಉಳಿದದ್ದು ಕೊಳೆತರೆ, ಮಾಡಿದ ಉಪಕಾರ ತಿರುಗುಬಾಣವಾದಂತೆ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು, ಕ್ಲೋರಿನ್ ತೆಗೆದ, ಅದೇ ಬಿಸುಪಿನ ನೀರಿನಿಂದ ಬದಲಿಸಿದರೆ ಸಾಕು.

ಬಸುರಿ ಮೀನಿಗೆ ನಿಜವಾದ ಪೀಡೆ ಗಂಡಿನ ಕಾಟ. ಗಂಡು ಬಸಿರು ಬಾಣಂತನ ನೋಡುವುದಿಲ್ಲ, ಬೆಳಗಿನಿಂದ ದೀಪ ಆರಿಸುವವರೆಗೂ ಬೆನ್ನಟ್ಟುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ದರೆ ಕಾಟ ಹಂಚಿಹೋಗುತ್ತದೆ. ಅಡಗಲು ಒತ್ತಾದ ಗಿಡ ಇದ್ದರೆ ಇನ್ನೂ ಮೇಲು. ಜಾವಾ ಮಾಸ್, ಹಾರ್ನ್‌ವರ್ಟ್ ಯಾವುದಾದರೂ ಆಗುತ್ತದೆ. ತಾಯಿಗೂ ಮರೆ, ಮರಿಗೂ ಮರೆ. ಮರಿಗೆ ಮರೆ ಬೇಕಿರುವುದು ತಾಯಿಯಿಂದಲೇ. ಹೆತ್ತ ಮೀನಿನ ಕಣ್ಣಿಗೆ ಬಾಯಲ್ಲಿ ಹಿಡಿಸುವಷ್ಟು ಚಿಕ್ಕದು, ಅಲ್ಲಾಡುವಂಥದು ಎಂದರೆ ಊಟ, ಅಷ್ಟೇ. ಅದನ್ನು ಕ್ರೂರಿ ಎನ್ನುವುದು ನಮ್ಮ ಅಳತೆಗೋಲು.

ಮರಿಗಳೆಲ್ಲ ಉಳಿಯಲೇಬೇಕೆಂದಿದ್ದರೆ ಬೇರೆ ತೊಟ್ಟಿಯೇ ಸರಿ. ಆದರೆ ಹೆರಿಗೆಗೆ ವಾರದ ಮೊದಲಾದರೂ ಸದ್ದಿಲ್ಲದೆ ಸಾಗಿಸಬೇಕು. ಬಲೆಗಿಂತ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿನ ಸಮೇತ ಎತ್ತುವುದು ಮೇಲು. ನನಗಂತೂ ಎಲ್ಲವನ್ನೂ ಉಳಿಸುವ ಹಟವಿಲ್ಲ. ಒಂದು ಸೂಲಿಗೆ ಹಲವು ಡಜನ್ ಮರಿಯಾದರೆ ಇಡುವುದೆಲ್ಲಿ? ಹೆಚ್ಚಾದವನ್ನು ಕೆರೆಗೋ ಹಳ್ಳಕ್ಕೋ ಸುರಿಯುವಂತಿಲ್ಲ. ಸೊಳ್ಳೆ ತಿನ್ನಲೆಂದು ಲೋಕದ ನಾನಾ ಕಡೆ ಬಿಟ್ಟ ಗಪ್ಪಿ, ಗ್ಯಾಂಬೂಸಿಯಾಗಳು ಹರಡಿಕೊಂಡು ಅಲ್ಲಲ್ಲಿನ ಮೂಲದ ಮೀನುಗಳಿಗೆ ಕುತ್ತಾಗಿವೆ.

ಡಬ್ಬಿಯನ್ನು ಅಟ್ಟಕ್ಕೆ ಹಾಕಿ ಎರಡು ತಿಂಗಳಾಗಿರಬೇಕು. ಅದೇ ಮೋಲಿ ಒಂದು ಸಂಜೆ ಗುಂಪಿನಿಂದ ಸರಿದು ಹಾರ್ನ್‌ವರ್ಟಿನ ಮೂಲೆಯಲ್ಲಿ ನಿಂತಿತ್ತು. ಮೈ ಒಮ್ಮೆ ಅದುರಿತು, ಬಾಲದ ಕೆಳಗಿನಿಂದ ಮಡಚಿದ ಕಪ್ಪು ಚೂರೊಂದು ಜಾರಿ ಕಲ್ಲುಗಳ ಮೇಲೆ ಬಿತ್ತು. ಕ್ಷಣ ಬಿಟ್ಟು ಮೈ ಬಿಡಿಸಿಕೊಂಡು ಗಿಡದೊಳಕ್ಕೆ ಚಿಮ್ಮಿತು. ಹಳದಿ ಚೀಲ ಇರಲಿಲ್ಲ. ನಾನು ಹದಿನೇಳರವರೆಗೆ ಎಣಿಸಿದೆ. ಮರಿಗಳಿಗೆಂದು ಒಣ ಆಹಾರವನ್ನು ಬೆರಳಲ್ಲಿ ಹಿಟ್ಟು ಮಾಡಿಕೊಂಡು ಬರುವಷ್ಟರಲ್ಲಿ ಮೋಲಿ ಮೂಲೆ ಬಿಟ್ಟು ಹೊರಬಂದಿತ್ತು. ಗಂಡು ಆಗಲೇ ಅದರ ಬೆನ್ನು ಹತ್ತಿತ್ತು.