ವಾರ್ಡಿಗೆ ಸದಸ್ಯರಿಲ್ಲದ ಮೈಸೂರು: ಇಲ್ಲಿಗೆ ಬಂದದ್ದು ಹೇಗೆ?

ಬೀದಿದೀಪ ಹೋಗಿದೆ. ಯುಜಿಡಿ (ಒಳಚರಂಡಿ) ಬ್ಲಾಕ್ ಆಗಿ ಕೊಳಕು ನೀರು ರಸ್ತೆಗೆ ಹರಿಯುತ್ತಿದೆ. ನಲ್ಲಿಯಲ್ಲಿ ಎರಡು ದಿನದಿಂದ ನೀರಿಲ್ಲ. ಇಂಥದ್ದೇನಾದರೂ ಆದರೆ ಮೈಸೂರಿನ ಬಡಾವಣೆಗಳ ಜನ ಮೊದಲು ಕಾರ್ಪೊರೇಟರ್‌ಗೆ ಫೋನ್ ಮಾಡುತ್ತಿದ್ದರು. ಎತ್ತದಿದ್ದರೆ ಬೆಳಿಗ್ಗೆ ಅವರ ಮನೆ ಬಾಗಿಲಿಗೇ ಹೋಗುತ್ತಿದ್ದರು. 2023ರ ನವೆಂಬರ್‌ನಲ್ಲಿ ಆ ಬಾಗಿಲು ಮುಚ್ಚಿತು. ಮೈಸೂರು ಮಹಾನಗರ ಪಾಲಿಕೆಯ 65 ಸದಸ್ಯರ ಅವಧಿ ಮುಗಿದು, ಅಧಿಕಾರವೆಲ್ಲ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಹೋಯಿತು. ಎರಡು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ.

ಇದರಲ್ಲಿ ನಷ್ಟ ಏನು ಅಂತ ಕೇಳುವವರು ನಮ್ಮಲ್ಲಿ ಜಾಸ್ತಿ ಇದ್ದಾರೆ. ‘ಅಧಿಕಾರಿಗಳೇ ನೋಡಿಕೊಂಡರೆ ಒಳ್ಳೇದಲ್ವಾ, ರಾಜಕೀಯದ ಕಾಟ ಇರಲ್ಲ’ ಅನ್ನುತ್ತಾರೆ. ಪಾಲಿಕೆ ಸಭೆಗಳ ಗಲಾಟೆಯನ್ನು ಪೇಪರಿನಲ್ಲಿ ಓದಿ ಓದಿ ಬೇಸತ್ತವರಿಗೆ ಹಾಗನ್ನಿಸುವುದು ಸಹಜ. ಆದರೆ ನನಗೆ ಆ ಮಾತು ಒಪ್ಪಿಗೆ ಇಲ್ಲ. ಊರಿನ ವಿಷಯವನ್ನು ಊರಿನವರು ತೀರ್ಮಾನಿಸಬೇಕೋ ಮೇಲಿನವರು ತೀರ್ಮಾನಿಸಬೇಕೋ ಎಂಬ ಜಗ್ಗಾಟ ಈ ನಗರದಲ್ಲಿ ನೂರು ವರ್ಷಕ್ಕೂ ಹಳೆಯದು. ಆ ಜಗ್ಗಾಟದಲ್ಲಿ ಊರಿನವರು ಗಳಿಸಿದ್ದು ಕಡಿಮೆಯೇನಲ್ಲ. ಅದನ್ನು ಸುಮ್ನೆ ಬಿಟ್ಟುಕೊಡಬಾರದು.

1881ರ ಮಾರ್ಚ್‌ನಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿ ಒಪ್ಪಿಸಿದರು. ದಿವಾನ ಸಿ. ರಂಗಾಚಾರ್ಲು ಅದೇ ವರ್ಷದ ದಸರಾ ಹೊತ್ತಿಗೆ, ಅಕ್ಟೋಬರ್ 7ರಂದು, ಪ್ರಜಾಪ್ರತಿನಿಧಿ ಸಭೆ ಕರೆದರು. ರೈತರು, ವರ್ತಕರು ಸೇರಿ 144 ಮಂದಿಯ ಸಭೆ. ಕಾನೂನು ಮಾಡುವ ಅಧಿಕಾರ ಅದಕ್ಕೆ ಇರಲಿಲ್ಲ. ಸರ್ಕಾರ ವರ್ಷದಲ್ಲಿ ಏನು ಮಾಡಿತು ಎಂದು ದಿವಾನರು ಹೇಳಬೇಕು, ತಮ್ಮ ಊರುಗಳ ಕಷ್ಟ ಏನೆಂದು ಬಂದವರು ಹೇಳಬೇಕು. ಅಷ್ಟೇ. ಆದರೆ ಅಧಿಕಾರದಲ್ಲಿದ್ದವರು ಜನರ ಎದುರು ನಿಂತು ಲೆಕ್ಕ ಒಪ್ಪಿಸುವ ಪದ್ಧತಿ ನಮ್ಮಲ್ಲಿ ಶುರುವಾದದ್ದು ಅಲ್ಲಿಂದ. 1891ರಿಂದ ಸಭೆಗೆ ಚುನಾವಣೆಯೂ ಬಂತು. ಮತದ ಹಕ್ಕು ಮಾತ್ರ ಉಳ್ಳವರಿಗೆ ಸೀಮಿತವಾಗಿತ್ತು. ರಂಗಾಚಾರ್ಲು ಅದನ್ನು ನೋಡಲು ಇರಲಿಲ್ಲ, 1883ರಲ್ಲೇ ತೀರಿಕೊಂಡಿದ್ದರು. ದೊಡ್ಡ ಗಡಿಯಾರದ ಹತ್ತಿರ ಇರುವ ಟೌನ್‌ಹಾಲ್ ಅವರ ನೆನಪಿಗೆ ಕಟ್ಟಿದ್ದು.

1888ರಲ್ಲಿ ಮೈಸೂರಿಗೆ ಪುರಸಭೆ ಬಂತು. ಊರನ್ನು ಎಂಟು ವಾರ್ಡುಗಳಾಗಿ ಹಂಚಿದರು. ಅಂದಿನ ಊರು ಎಂದರೆ ಕೋಟೆ ಮತ್ತು ಅದರ ಸುತ್ತಲಿನ ಮೊಹಲ್ಲಾಗಳು. ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ, ನಜರ್‌ಬಾದ್ ಈ ಹೆಸರುಗಳು ಇಂದಿಗೂ ಬಾಯಲ್ಲಿವೆ.

ಆಮೇಲೆ ಪ್ಲೇಗ್ ಬಂತು. 1897ರ ಹೊತ್ತಿಗೆ ಶುರುವಾದ ಪಿಡುಗು ತುಂಬ ಜನರನ್ನು ಬಲಿ ತೆಗೆದುಕೊಂಡಿತು. ಇಕ್ಕಟ್ಟಾದ ಕೇರಿಗಳು, ಗಾಳಿ ಬೆಳಕಿಲ್ಲದ ಮನೆಗಳು, ಹರಿಯದ ಚರಂಡಿಗಳು ಹೀಗೇ ಇದ್ದರೆ ಊರು ಉಳಿಯದು ಎಂಬುದು ಎಲ್ಲರಿಗೂ ಗೊತ್ತಾಯಿತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಹಳಬರು ಇದನ್ನು ಈಗಲೂ ‘ಸಿಐಟಿಬಿ’ ಅನ್ನುತ್ತಾರೆ. ಹೀಗೆ ಊರಿನ ಬೆಳವಣಿಗೆಗೆಂದೇ ಒಂದು ಮಂಡಳಿ ಮಾಡಿ, ನಕ್ಷೆ ಹಾಕಿ ಕೆಲಸಕ್ಕೆ ಇಳಿದ ಏಷ್ಯಾದ ಮೊದಲ ನಗರಗಳಲ್ಲಿ ಮೈಸೂರೂ ಒಂದು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಥರದ ಹಳೇ ಬಡಾವಣೆಗಳಲ್ಲಿ ಒಮ್ಮೆ ನಡೆದು ನೋಡಿ. ಅಗಲ ರಸ್ತೆ, ಮನೆಗಳ ಹಿಂದೆ ಸ್ವಚ್ಛತೆಯ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ನಡುವೆ ಪಾರ್ಕು. ಆ ಕಾಲದವರ ದೂರದೃಷ್ಟಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಆದರೆ ಅಲ್ಲೇ ಊರಿನ ಆಡಳಿತ ಎರಡು ದಾರಿ ಹಿಡಿಯಿತು. ಕಸ, ದೀಪ, ಚರಂಡಿಯ ದಿನನಿತ್ಯದ ಕೆಲಸ ಪುರಸಭೆಗೆ. ಹೊಸ ಬಡಾವಣೆ ಎಲ್ಲಿ, ರಸ್ತೆ ಎಷ್ಟು ಅಗಲ, ಸೈಟು ಯಾರಿಗೆ ಎಂಬ ದೊಡ್ಡ ತೀರ್ಮಾನಗಳು ನಾಮಕರಣಗೊಂಡವರ ಮಂಡಳಿಗೆ. ಮಹಾರಾಜರ ಕಾಲದಲ್ಲಿ ಅದು ನಡೆಯಿತು ಸರಿ. ಸ್ವಾತಂತ್ರ್ಯ ಬಂದ ಮೇಲೂ ಅದೇ ಏರ್ಪಾಡು ಮುಂದುವರಿಯಿತು. 1988ರಲ್ಲಿ ಟ್ರಸ್ಟ್ ಬೋರ್ಡು ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಆಯಿತು. 2024ರಲ್ಲಿ ಮುಡಾದ ನಿವೇಶನ ಹಂಚಿಕೆ ವಿವಾದ ರಾಜ್ಯವನ್ನೇ ಅಲ್ಲಾಡಿಸಿತು. ಈಗ ಅದನ್ನು ಮೈಸೂರು ಅಭಿವೃದ್ಧಿ ಪ್ರಾಧಿಕಾರ ಮಾಡಿದ್ದಾರೆ. ಹೆಸರು ಬದಲಾದರೂ ಅದರ ಅಧ್ಯಕ್ಷರಿಗೆ ಮೈಸೂರಿನ ಮತದಾರ ವೋಟು ಹಾಕುವುದಿಲ್ಲ.

ಇದರ ಬಿಸಿ ಜಾಸ್ತಿ ತಟ್ಟಿದ್ದು ಊರಿನ ಅಂಚಿನ ಬಡಾವಣೆಗಳಿಗೆ. ಬಡಾವಣೆ ಮಾಡಿದ್ದು ಅಥವಾ ನಕ್ಷೆಗೆ ಒಪ್ಪಿಗೆ ಕೊಟ್ಟಿದ್ದು ಪ್ರಾಧಿಕಾರ. ಅದು ಪಾಲಿಕೆಗೆ ಹಸ್ತಾಂತರ ಆಗುವ ತನಕ ಕಸ ಯಾರು ಎತ್ತಬೇಕು, ದೀಪದ ಬಿಲ್ಲು ಯಾರು ಕಟ್ಟಬೇಕು? ಹಿಂದೆ ಕೆಲವು ಕಡೆ ಗ್ರಾಮ ಪಂಚಾಯಿತಿಯವರೂ ಇದರೊಳಗೆ ಇದ್ದರು. ಮೂರು ಕಚೇರಿಗೆ ಅಲೆದರೂ ಉತ್ತರ ಒಂದೇ: ‘ಇದು ನಮ್ಮದಲ್ಲ.’ ಸಾಲ ಮಾಡಿ ಸೈಟು ಕೊಂಡು ಮನೆ ಕಟ್ಟಿದವರು ಟ್ಯಾಂಕರ್ ನೀರಿಗೆ ಕಾಯುತ್ತ ವರ್ಷ ಕಳೆದಿದ್ದಾರೆ.

ಪುರಸಭೆಯ ಕಡೆಗೆ ಮರಳೋಣ. 1977ರಲ್ಲಿ ಮೈಸೂರು ಮಹಾನಗರ ಪಾಲಿಕೆ ಆಯಿತು. ಆದರೂ ಆಗಿನ ಪಾಲಿಕೆಗಳಿಗೆ ಗಟ್ಟಿ ನೆಲೆ ಇರಲಿಲ್ಲ. ಸರ್ಕಾರಕ್ಕೆ ಬೇಡವಾದರೆ ಚುನಾವಣೆ ಮುಂದಕ್ಕೆ ಹೋಗುತ್ತಿತ್ತು. ದೇಶದ ತುಂಬ ಇದೇ ಕಥೆ. ಅದನ್ನು ತಡೆಯಲೆಂದೇ ಸಂವಿಧಾನಕ್ಕೆ 74ನೇ ತಿದ್ದುಪಡಿ ತಂದರು. ಅದು 1993ರ ಜೂನ್ 1ರಿಂದ ಜಾರಿಗೆ ಬಂತು. 243ಯು ವಿಧಿ ಸ್ಪಷ್ಟವಾಗಿದೆ: ನಗರಾಡಳಿತ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ. ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಇದನ್ನೇ ಹೇಳಿತು. 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಇನ್ನೂ ಖಾರವಾಗಿ ಹೇಳಿತು. ವಾರ್ಡ್ ಮರುವಿಂಗಡಣೆ ಮುಗಿದಿಲ್ಲ ಎಂದು ಚುನಾವಣೆ ನಿಲ್ಲಿಸುವಂತಿಲ್ಲ, ಇರುವ ವಾರ್ಡುಗಳಲ್ಲೇ ನಡೆಸಿ ಎಂದಿತು.

ಇಷ್ಟಾದರೂ ಮೈಸೂರಿನಲ್ಲಿ ಯಾಕೆ ನಿಂತಿತು?

ಕಳೆದ ಚುನಾವಣೆ ನಡೆದದ್ದು 2018ರ ಆಗಸ್ಟ್ 31ರಂದು. 65 ಸ್ಥಾನಗಳಲ್ಲಿ ಬಿಜೆಪಿಗೆ 22, ಕಾಂಗ್ರೆಸ್‌ಗೆ 19, ಜೆಡಿಎಸ್‌ಗೆ 18, ಬಿಎಸ್‌ಪಿಗೆ 1, ಉಳಿದವು ಪಕ್ಷೇತರರಿಗೆ. ಯಾರಿಗೂ ಬಹುಮತ ಇಲ್ಲ. ಮೇಯರ್ ಆಯ್ಕೆಯೇ ನವೆಂಬರ್ 17ರ ತನಕ ಎಳೆಯಿತು. ಐದು ವರ್ಷದಲ್ಲಿ ಮೈತ್ರಿಗಳು ಬದಲಾದವು. ಒಬ್ಬ ಮೇಯರ್ ನ್ಯಾಯಾಲಯದ ತೀರ್ಪಿನಿಂದ ಸ್ಥಾನ ಕಳೆದುಕೊಂಡರು. ಬಂದವರು ಕೆಲಸ ಕಲಿಯುವಷ್ಟರಲ್ಲಿ ಮೇಯರ್‌ಗಿರಿಯ ಒಂದು ವರ್ಷ ಮುಗಿದಿರುತ್ತಿತ್ತು. ಇದು ನಿಜವಾದ ದೋಷ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ವರ್ಷದ ಮೇಯರ್‌ಗೆ ಕಮಿಷನರ್ ಯಾಕೆ ಹೆದರಬೇಕು?

ಆದರೆ ಅದೇ ಸಭೆಯ ಇನ್ನೊಂದು ಮುಖವೂ ಇದೆ. ನಮ್ಮ ರಾಜ್ಯದ ನಗರಾಡಳಿತದಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. 2020ರ ಜನವರಿಯಲ್ಲಿ ತಸ್ನೀಂ ಮೇಯರ್ ಆದಾಗ, ಮೈಸೂರಿಗೆ ಮೊದಲ ಬಾರಿ ಮುಸ್ಲಿಂ ಮಹಿಳೆಯೊಬ್ಬರು ಆ ಕುರ್ಚಿಯಲ್ಲಿ ಕೂತರು. ವಿಧಾನಸಭೆಗೆ ಟಿಕೆಟ್ ಕೊಡುವಾಗ ಪಕ್ಷಗಳಿಗೆ ನೆನಪಾಗದ ಹೆಣ್ಣುಮಕ್ಕಳು, ದಲಿತರು, ಸಣ್ಣ ಸಮುದಾಯದವರು ರಾಜಕೀಯಕ್ಕೆ ಕಾಲಿಡುವುದು ವಾರ್ಡಿನ ಮೂಲಕವೇ. ಚುನಾವಣೆ ನಿಂತರೆ ಮೊದಲು ಹೊರಗೆ ಉಳಿಯುವವರೂ ಇವರೇ.

ಅವಧಿ ಮುಗಿಯುವ ಹೊತ್ತಿಗೆ ಮೂರು ಗಂಟುಗಳಿದ್ದವು. ಒಂದು, ವಾರ್ಡ್ ಮರುವಿಂಗಡಣೆ. ಎರಡು, ಮೀಸಲಾತಿ. ಹಿಂದುಳಿದ ವರ್ಗಗಳಿಗೆ ಸ್ಥಳೀಯ ಸಂಸ್ಥೆಗಳಲ್ಲಿ ಮೀಸಲಾತಿ ಕೊಡಬೇಕಾದರೆ ಮೊದಲು ಆಯೋಗ ಮಾಡಿ ಅಂಕಿಅಂಶ ತೆಗೆಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದಕ್ಕೆಂದು ರಾಜ್ಯ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಮಾಡಿತು. ವರದಿಯೂ ಅದೇ ವರ್ಷ ಬಂತು. ಹಾಗಾಗಿ ಈ ಗಂಟು ಬಿಚ್ಚಲು ಸಮಯ ಇರಲಿಲ್ಲ ಎನ್ನುವಂತಿಲ್ಲ. ಮೂರನೆಯದು, ಬೃಹತ್ ಮೈಸೂರು. ನಗರದ ಮಗ್ಗುಲಲ್ಲೇ ಹೂಟಗಳ್ಳಿ ನಗರಸಭೆ ಇತ್ತು. ಬೋಗಾದಿ, ರಮ್ಮನಹಳ್ಳಿ, ಶ್ರೀರಾಂಪುರ, ಕಡಕೊಳ ಪಟ್ಟಣ ಪಂಚಾಯಿತಿಗಳಿದ್ದವು. ಇವೆಲ್ಲ ಕೆಲವೇ ವರ್ಷದ ಹಿಂದೆ ಗ್ರಾಮ ಪಂಚಾಯಿತಿಗಳನ್ನು ಸೇರಿಸಿ ಮಾಡಿದವು. ಇವನ್ನು ಪಾಲಿಕೆಗೆ ಸೇರಿಸಿ ದೊಡ್ಡ ಮೈಸೂರು ಮಾಡುವ ಯೋಜನೆ ಮುಂದೆ ಬಂತು.

ಯೋಜನೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ರಿಂಗ್ ರಸ್ತೆ ದಾಟಿದರೂ ಊರು ಮುಗಿಯುವುದಿಲ್ಲ, ನೀರು ಕಸ ಎಲ್ಲಕ್ಕೂ ಒಂದೇ ವ್ಯವಸ್ಥೆ ಬೇಕು. ಆದರೆ ಗಡಿ ತೀರ್ಮಾನ ಆಗುವ ತನಕ ಚುನಾವಣೆ ಬೇಡ ಎಂಬುದನ್ನು ಒಪ್ಪಲಾಗದು. ಹಾಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ಎದುರಿಗೇ ಇದೆ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ವಾರ್ಡುಗಳ ಸಂಖ್ಯೆ ಬದಲಾಯಿತು, ಮತ್ತೆ ಬದಲಾಯಿತು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆಗಳು ಬಂದವು. ಅಷ್ಟರಲ್ಲಿ ಒಂದು ಪೂರ್ತಿ ಅವಧಿಯಷ್ಟು ಕಾಲ ರಾಜಧಾನಿ ಕಾರ್ಪೊರೇಟರ್ ಇಲ್ಲದೆ ಕಳೆದಿತ್ತು.

ಸದಸ್ಯರಿಲ್ಲ ಅಂದರೆ ಕಚೇರಿ ಮುಚ್ಚಿದೆ ಅಂತಲ್ಲ. ಪೌರಕಾರ್ಮಿಕರು ಬೆಳಗಿನ ಜಾವವೇ ಬೀದಿಗೆ ಇಳಿಯುತ್ತಾರೆ. ಒಂಬತ್ತು ವಲಯ ಕಚೇರಿಗಳು ನಡೆಯುತ್ತಿವೆ. ಒಳ್ಳೆಯ ಅಧಿಕಾರಿಗಳೂ ಇದ್ದಾರೆ. ಆದರೆ ಬಜೆಟ್ಟಿನಲ್ಲಿ ಯಾವ ವಾರ್ಡಿಗೆ ಎಷ್ಟು ಎಂದು ಎದ್ದು ನಿಂತು ಕೇಳುವವರಿಲ್ಲ. ತೆರಿಗೆ ಏರಿಸಿದರೆ ‘ನಮ್ಮ ಕೇರಿಯವರಿಗೆ ಕಟ್ಟಲಾಗಲ್ಲ’ ಎಂದು ಸಭೆಯಲ್ಲಿ ಮೇಜು ಗುದ್ದುವವರಿಲ್ಲ. ಸದಸ್ಯರೇ ಕೂತು ತೀರ್ಮಾನಿಸುತ್ತಿದ್ದ ನಾಲ್ಕು ಸ್ಥಾಯಿ ಸಮಿತಿಗಳ ಕೆಲಸವೂ ಆಡಳಿತಾಧಿಕಾರಿಯ ಸಹಿಯಲ್ಲೇ ಮುಗಿಯುತ್ತದೆ. ಶಾಸಕರು ಇದ್ದಾರಲ್ಲ ಅನ್ನಬಹುದು. ಒಬ್ಬ ಶಾಸಕರಿಗೆ ಎರಡು ಲಕ್ಷಕ್ಕೂ ಹೆಚ್ಚು ಮತದಾರರು. 2011ರ ಸುಮಾರು 9 ಲಕ್ಷ ಜನಸಂಖ್ಯೆಯನ್ನು 65 ವಾರ್ಡಿಗೆ ಹಂಚಿದರೆ ಕಾರ್ಪೊರೇಟರ್‌ಗೆ ಬರುವುದು ಹದಿನಾಲ್ಕು ಸಾವಿರದೊಳಗೆ. ಮೋರಿ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಇವರಲ್ಲಿ ಯಾರಿಗೆ ಗೊತ್ತಿರುತ್ತದೆ?

ಬಡಾವಣೆಯ ಹಬ್ಬಗಳ ಕಡೆಯೂ ನೋಡಿ. ಕೆಲವು ವರ್ಷದ ಹಿಂದೆ ‘ಮನೆ ಮನೆ ದಸರಾ’ ಮಾಡಿದಾಗ ಪಾಲಿಕೆ ಸದಸ್ಯರ ಮುಂದಾಳತ್ವದಲ್ಲಿ ಬೀದಿಬೀದಿಯಲ್ಲಿ ರಂಗೋಲಿ, ಆಟೋಟ, ಹಾಡು ನಡೆದವು. ಅರಮನೆಯ ಪಾಸು ಸಿಗದ ಮನೆಗಳ ಮಕ್ಕಳು ತಮ್ಮ ರಸ್ತೆಯಲ್ಲೇ ದಸರಾ ಕಂಡರು. ಗಣೇಶ ಕೂರಿಸುವವರು, ರಾಜ್ಯೋತ್ಸವ ಮಾಡುವ ಹುಡುಗರು ಪರ್ಮಿಷನ್ನಿಗೆ, ಕಸದ ಗಾಡಿಗೆ, ನೀರಿನ ಟ್ಯಾಂಕರಿಗೆ ಮೊದಲು ಹಿಡಿಯುತ್ತಿದ್ದದ್ದೂ ಕಾರ್ಪೊರೇಟರನ್ನೇ.

ಊರಿನವರು ಕೈಜೋಡಿಸಿದರೆ ಏನಾಗುತ್ತದೆ ಎಂಬುದು ಮೈಸೂರಿಗೆ ಗೊತ್ತಿಲ್ಲದ್ದಲ್ಲ. 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ಮೊದಲು ಬಂತು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ನೋಡಲು ಬೇರೆ ಊರುಗಳಿಂದ ಜನ ಬಂದರು. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಮನೆಮನೆಗೆ ಹೋಗಿ ಒಪ್ಪಿಸುವ ಕೆಲಸ ಆದೇಶದಿಂದ ಆಗುವಂಥದ್ದಲ್ಲ. ಅದಕ್ಕೆ ಪರಿಚಯದ ಮುಖ ಬೇಕು.

ಇಲ್ಲಿ ನನಗೆ ಬಹಳ ಬೇಸರ ತರುವ ವಿಷಯ ವಾರ್ಡ್ ಸಮಿತಿಯದು. ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು 74ನೇ ತಿದ್ದುಪಡಿಯೇ ಹೇಳಿದೆ. ನಮ್ಮ ರಾಜ್ಯದ ಪಾಲಿಕೆಗಳ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಬಂದು, ವಾರ್ಡಿಗೊಂದು ಸಮಿತಿ, ಅದರೊಳಗೆ ಆಯಾ ಭಾಗದ ಮತದಾರರ ಏರಿಯಾ ಸಭೆ ಎಂಬ ಏರ್ಪಾಡಾಯಿತು. 2016ರಲ್ಲಿ ನಿಯಮಗಳೂ ಬಂದವು. ಸಮಿತಿಯಲ್ಲಿ ಮಹಿಳೆಯರು, ಪರಿಶಿಷ್ಟರು, ನಿವಾಸಿಗಳ ಸಂಘದವರು ಇರಬೇಕು. ವಾರ್ಡಿನ ಕಾಮಗಾರಿ ಪಟ್ಟಿ ಅಲ್ಲೇ ತಯಾರಾಗಬೇಕು. ಮೈಸೂರಿನಲ್ಲಿ ಇದು ಬೇರೂರಲೇ ಇಲ್ಲ. ತಮ್ಮ ಹಿಡಿತ ತಪ್ಪುತ್ತದೆ ಎಂಬ ಅಳುಕು ಸದಸ್ಯರಿಗೆ ಇತ್ತು ಎಂದೇ ನನ್ನ ಅನಿಸಿಕೆ. ಸಮಿತಿಗಳು ಗಟ್ಟಿಯಾಗಿ ನಡೆದಿದ್ದರೆ ಸದಸ್ಯರು ಮನೆಗೆ ಹೋದ ಮೇಲೂ ಕೇಳುವ ಹತ್ತು ಜನ ವಾರ್ಡಿನಲ್ಲಿ ಉಳಿಯುತ್ತಿದ್ದರು. ಬೆಂಗಳೂರಿನಲ್ಲಿ 2020ರ ನಂತರ ವಾರ್ಡಿಗೊಬ್ಬ ನೋಡಲ್ ಅಧಿಕಾರಿಯನ್ನು ಇಟ್ಟು ಸಮಿತಿ ಸಭೆ ಮುಂದುವರಿಸುವ ಪ್ರಯತ್ನವಾದರೂ ನಡೆಯಿತು. ರಾಜ್ಯದ ನಗರಾಡಳಿತದವರಿಗೆ ತರಬೇತಿ ಕೊಡುವ ಸಂಸ್ಥೆ ಇರುವುದು ನಮ್ಮ ಮೈಸೂರಿನಲ್ಲೇ. ಆ ಪ್ರಯತ್ನ ಇಲ್ಲೂ ಆಗಬಹುದಿತ್ತು. ಈಗಲೂ ಆಗಬಹುದು.

ಚುನಾವಣೆ ಘೋಷಣೆಗೆ ಮೊದಲು ನೋಡಬೇಕಾದ್ದು ವಾರ್ಡ್ ಮರುವಿಂಗಡಣೆಯ ಕರಡು. ಅದು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ. ನಿಮ್ಮ ರಸ್ತೆ ಯಾವ ವಾರ್ಡಿಗೆ ಸೇರಿದೆ, ಎದುರು ಸಾಲು ಬೇರೆ ವಾರ್ಡಿಗೆ ಹೋಗಿದೆಯಾ, ಗಡಿ ಮೋರಿಯ ಮಧ್ಯೆ ಹಾದಿದೆಯಾ ಎಂದು ನೋಡಿ. ಸರಿ ಕಾಣದಿದ್ದರೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆಮೇಲೆ ಮೀಸಲಾತಿ ಪಟ್ಟಿ, ಅದರ ಹಿಂದೆ ಮತದಾರರ ಪಟ್ಟಿ ಬರುತ್ತದೆ. ಮನೆ ಬದಲಿಸಿದವರು, ಹದಿನೆಂಟು ತುಂಬಿದ ಮಕ್ಕಳಿರುವವರು ಆಗ ಹೆಸರು ಹುಡುಕಿಕೊಳ್ಳಬೇಕು. ಮನೆಗೆ ವೋಟು ಕೇಳಲು ಬರುವವರಿಗೆ ಒಂದು ಪ್ರಶ್ನೆಯನ್ನೂ ಇಟ್ಟುಕೊಂಡಿರಿ: ಗೆದ್ದ ಮೇಲೆ ವಾರ್ಡ್ ಸಮಿತಿ ಮಾಡುತ್ತೀರಾ, ಮೊದಲ ಸಭೆ ಯಾವ ತಿಂಗಳು?