ಎಳೆ ಮಗುವಿಗೆ ಎಷ್ಟು ಆಕ್ಸಿಜನ್ ಕೊಡಬೇಕು? 70 ವರ್ಷ ಕಾಡಿದ ಪ್ರಶ್ನೆ

ಏಳು ತಿಂಗಳಿಗೇ ಹುಟ್ಟಿದ ಮಗುವನ್ನು ಎನ್‌ಐಸಿಯುನಲ್ಲಿ, ಅಂದರೆ ಎಳೆ ಮಕ್ಕಳ ತೀವ್ರ ನಿಗಾ ಘಟಕದಲ್ಲಿ, ನೋಡಿದ್ದೀರಾ? ಪಾದ ನಮ್ಮ ಹೆಬ್ಬೆರಳಿನಷ್ಟು ಉದ್ದ. ಅದಕ್ಕೊಂದು ಪಟ್ಟಿ ಸುತ್ತಿರುತ್ತಾರೆ, ಒಳಗೆ ಕೆಂಪು ದೀಪ. ಪಕ್ಕದ ಮಾನಿಟರ್‌ನಲ್ಲಿ 93 ಅಂತ ಕಾಣುತ್ತದೆ. ಸ್ವಲ್ಪ ಹೊತ್ತಿಗೆ 90, ಮತ್ತೆ 94. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡೆವಲ್ಲ, ಅದೇ ಆಕ್ಸಿಮೀಟರ್. ಆಗ ನಮಗೆ 99 ಬಂದರೆ ಸಮಾಧಾನ ಆಗುತ್ತಿತ್ತು. ಆದರೆ ಆಕ್ಸಿಜನ್ ಮೇಲಿರುವ ಈ ಮಗುವಿಗೆ 99 ಬಂದರೆ ನರ್ಸ್ ಎದ್ದು ಬಂದು ಆಕ್ಸಿಜನ್ ತಗ್ಗಿಸುತ್ತಾರೆ. ಜಾಸ್ತಿಯಾದರೆ ಕಣ್ಣಿಗೆ ಕುತ್ತು, ಕಮ್ಮಿಯಾದರೆ ಜೀವಕ್ಕೇ ಕುತ್ತು.

1942ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಥಿಯೋಡರ್ ಟೆರ್ರಿ ಎಂಬ ಕಣ್ಣಿನ ವೈದ್ಯರು ಒಂದು ವಿಚಿತ್ರ ಕಾಯಿಲೆಯ ಬಗ್ಗೆ ಬರೆದರು. ದಿನ ತುಂಬದೆ ಹುಟ್ಟಿದ ಮಕ್ಕಳ ಕಣ್ಣಿನೊಳಗೆ ಬಿಳಿ ಪೊರೆ ಬೆಳೆದು ದೃಷ್ಟಿ ಹೋಗುತ್ತಿತ್ತು. ಒಳ್ಳೆಯ ಸೌಲಭ್ಯ ಇರುವ ಆಸ್ಪತ್ರೆಗಳಲ್ಲೇ ಇದು ಜಾಸ್ತಿ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕುರುಡಾದರು ಎಂದು ಅಂದಾಜು. 1950ರಲ್ಲಿ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರ ಕಣ್ಣು ಹೋದದ್ದೂ ಇದರಿಂದಲೇ.

ಮೆಲ್ಬರ್ನ್‌ನ ಮಕ್ಕಳ ವೈದ್ಯೆ ಕೇಟ್ ಕ್ಯಾಂಬೆಲ್ 1951ರಲ್ಲಿ ಆಕ್ಸಿಜನ್ ಕಡೆಗೆ ಬೆರಳು ತೋರಿಸಿದರು. ಧಾರಾಳವಾಗಿ ಕೊಡುವ ಕಡೆ ಕುರುಡು ಜಾಸ್ತಿ, ಕೈ ಹಿಡಿದು ಕೊಡುವ ಕಡೆ ಕಮ್ಮಿ. ಕಣ್ಣಿನ ಹಿಂಪದರ ರೆಟಿನಾದ ರಕ್ತನಾಳಗಳು ಪೂರ್ತಿ ಬೆಳೆಯುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಅದಕ್ಕೂ ಮೊದಲೇ ಹೊರಬಂದ ಮಗುವಿಗೆ ಆಕ್ಸಿಜನ್ ಸುರಿದರೆ ಆ ಬೆಳವಣಿಗೆ ನಿಂತುಬಿಡುತ್ತದೆ. ಆಮೇಲೆ ಅಡ್ಡಾದಿಡ್ಡಿ ನಾಳಗಳು ಹುಟ್ಟಿ ರೆಟಿನಾವನ್ನೇ ಎಳೆದು ಕೀಳುತ್ತವೆ.

ಅದೇ ಸಮಯಕ್ಕೆ ವಾಷಿಂಗ್ಟನ್‌ನಲ್ಲಿ ಅರ್ನಾಲ್ ಪಾಟ್ಸ್ ಎಂಬ ಯುವ ವೈದ್ಯರು ಪ್ರಯೋಗಕ್ಕೆ ಇಳಿದರು. ಕೆಲವು ಮಕ್ಕಳಿಗೆ ಜಾಸ್ತಿ ಆಕ್ಸಿಜನ್, ಕೆಲವರಿಗೆ ಕಡಿಮೆ. ಆದರೆ ಕೆಲವು ನರ್ಸ್‌ಗಳು ರಾತ್ರಿ ಹೊತ್ತು ಬಂದು ಕಡಿಮೆ ಇದ್ದ ಮಕ್ಕಳಿಗೂ ಆಕ್ಸಿಜನ್ ತಿರುಗಿಸಿಬಿಡುತ್ತಿದ್ದರಂತೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಕಣ್ಣೆದುರು ಮಗು ನೀಲಿಗಟ್ಟುತ್ತಿದ್ದರೆ ಯಾರ ಕೈ ಸುಮ್ನೆ ಇರುತ್ತದೆ?

ಕೊನೆಗೆ 1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಒಟ್ಟಾಗಿ ಅಧ್ಯಯನ ನಡೆಸಿದವು. ಮರುವರ್ಷ ಫಲಿತಾಂಶ ಬಂತು: ತಪ್ಪು ಆಕ್ಸಿಜನ್‌ದೇ. ಎಲ್ಲ ಕಡೆ ಆಕ್ಸಿಜನ್ ಕಡಿತ ಶುರುವಾಯಿತು, ಕುರುಡು ಇಳಿಯಿತು. ಆದರೆ ಅಧ್ಯಯನದಲ್ಲಿ ಒಂದು ದೊಡ್ಡ ತೂತು ಇತ್ತು. ಮಕ್ಕಳನ್ನು ಸೇರಿಸಿಕೊಂಡದ್ದು ಹುಟ್ಟಿದ 48 ಗಂಟೆಗಳ ನಂತರ. ಉಸಿರು ಸಾಲದೆ ಮಕ್ಕಳು ಸಾಯುವುದು ಹೆಚ್ಚಾಗಿ ಆ ಎರಡು ದಿನಗಳಲ್ಲೇ ಅಲ್ವಾ? ಆ ಸಾವುಗಳು ಲೆಕ್ಕಕ್ಕೇ ಬರಲಿಲ್ಲ. 1973ರಲ್ಲಿ ಬ್ರಿಟನ್ನಿನ ಕೆನೆತ್ ಕ್ರಾಸ್ ಲೆಕ್ಕ ಹಾಕಿ ಹೇಳಿದ್ದು ಎದೆ ನಡುಗಿಸುವಂಥದ್ದು: ಒಂದು ಮಗುವಿನ ದೃಷ್ಟಿ ಉಳಿಸಲು ಸುಮಾರು 16 ಮಕ್ಕಳ ಜೀವ ಹೋಗಿತ್ತು.

1974ರಲ್ಲಿ ಜಪಾನಿನ ತಕುವೊ ಅಯೊಯಾಗಿ ಪಲ್ಸ್ ಆಕ್ಸಿಮೀಟರ್‌ಗೆ ದಾರಿ ಹಾಕಿದರು. ಸೂಜಿ ಚುಚ್ಚದೆ ರಕ್ತದ ಆಕ್ಸಿಜನ್ ಅಳೆಯಬಹುದಾಯಿತು. ಆದರೆ ಎಷ್ಟು ಇರಬೇಕು? ಒಂದು ಆಸ್ಪತ್ರೆ 85 ಸಾಕು ಅನ್ನುತ್ತಿತ್ತು, ಇನ್ನೊಂದು 95 ಬೇಕು ಅನ್ನುತ್ತಿತ್ತು.

28 ವಾರಕ್ಕೂ ಮೊದಲು ಹುಟ್ಟುವ ಮಕ್ಕಳು ಒಂದೊಂದು ಆಸ್ಪತ್ರೆಯಲ್ಲಿ ಕೆಲವರೇ. ನೂರರಲ್ಲಿ ಎರಡು ಮೂರು ಮಕ್ಕಳ ವ್ಯತ್ಯಾಸ ಕಾಣಬೇಕಾದರೆ ಸಾವಿರಾರು ಮಕ್ಕಳ ಲೆಕ್ಕ ಬೇಕು. ಹಾಗಾಗಿ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಸಂಶೋಧಕರು ಫಲಿತಾಂಶ ಬರುವ ಮೊದಲೇ ಒಂದು ಒಪ್ಪಂದಕ್ಕೆ ಬಂದರು. ಐದು ಅಧ್ಯಯನ ಬೇರೆ ಬೇರೆ ನಡೆಸೋಣ, ಆದರೆ ಒಂದೇ ರೀತಿ ನಡೆಸೋಣ, ಕೊನೆಗೆ ಎಲ್ಲ ಲೆಕ್ಕ ಒಟ್ಟು ಸೇರಿಸೋಣ. ಇದಕ್ಕೆ ನಿಯೊಪ್ರಾಮ್ ಎಂದು ಹೆಸರು. ಕೆನಡಾದ ಅಧ್ಯಯನಕ್ಕೆ ಅರ್ಜೆಂಟೀನಾ, ಫಿನ್‌ಲೆಂಡ್, ಜರ್ಮನಿ, ಇಸ್ರೇಲ್‌ನ ಆಸ್ಪತ್ರೆಗಳೂ ಕೈ ಜೋಡಿಸಿದವು.

ವಾಷಿಂಗ್ಟನ್‌ನ ಆ ನರ್ಸ್‌ಗಳ ಕಥೆ ಮರುಕಳಿಸಬಾರದು ಅಂತ ಆಕ್ಸಿಮೀಟರ್‌ನೊಳಗೇ ಮಾರ್ಪಾಡು ಮಾಡಿದರು. ಮಗುವಿನಲ್ಲಿ ನಿಜವಾಗಿ 87 ಇದ್ದರೆ ಒಂದು ಯಂತ್ರ 90 ತೋರಿಸುತ್ತಿತ್ತು. 93 ಇದ್ದರೆ ಇನ್ನೊಂದು ಯಂತ್ರವೂ 90 ತೋರಿಸುತ್ತಿತ್ತು. ನರ್ಸ್ ಕೆಲಸ ಒಂದೇ: ಪರದೆಯ ಸಂಖ್ಯೆಯನ್ನು 88ರಿಂದ 92ರೊಳಗೆ ಇಡುವುದು. ಯಾವ ಮಗು ಯಾವ ಗುಂಪಿನದು ಅಂತ ವೈದ್ಯರಿಗೂ ಗೊತ್ತಿರಲಿಲ್ಲ. ಅಮೆರಿಕದ ಅಧ್ಯಯನದಲ್ಲಿ ಅಪ್ಪ ಅಮ್ಮಂದಿರಿಗೆ ಅಪಾಯವನ್ನು ಬಿಡಿಸಿ ಹೇಳಿರಲಿಲ್ಲ ಎಂದು 2013ರಲ್ಲಿ ಅಲ್ಲಿನ ಸರ್ಕಾರಿ ಕಚೇರಿಯೇ ಆಕ್ಷೇಪಿಸಿತು. ಆ ಆಕ್ಷೇಪ ಸರಿಯಾದದ್ದೇ ಎಂದು ನನ್ನ ಭಾವನೆ. ಪ್ರಯೋಗ ಎಷ್ಟೇ ಒಳ್ಳೆಯದಿರಲಿ, ಮಗು ಅವರದು.

2010ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯಾ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದವು. ಕಡಿಮೆ ಆಕ್ಸಿಜನ್ ಗುಂಪಿನಲ್ಲಿ ಸಾವು ಹೆಚ್ಚು ಕಾಣುತ್ತಿತ್ತು. 2018ರಲ್ಲಿ ಸುಮಾರು 5,000 ಮಕ್ಕಳ ಲೆಕ್ಕ ಒಟ್ಟಿಗೆ ಬಂತು. 85–89ರಲ್ಲಿ ಇಟ್ಟ ಮಕ್ಕಳಲ್ಲಿ ನೂರಕ್ಕೆ 19.9 ಸಾವು, 91–95ರಲ್ಲಿ 17.1. ಕಣ್ಣಿನ ಚಿಕಿತ್ಸೆ ಬೇಕಾದವರು ಮಾತ್ರ ಉಲ್ಟಾ: 10.9 ಮತ್ತು 14.9. ಕಣ್ಣಿಗೆ ಲೇಸರ್ ಇದೆ, ಹೋದ ಜೀವಕ್ಕೆ ಏನಿದೆ? ಈಗ ಬಹಳ ಕಡೆ 90ರ ಮೇಲೆ, 95ರೊಳಗೆ ಇಡುತ್ತಾರೆ.

ಅಂದರೆ ಕಣ್ಣಿನ ತಪಾಸಣೆ ತಪ್ಪಿಸುವಂತೆಯೇ ಇಲ್ಲ. ನಮ್ಮಲ್ಲಿ ಕಷ್ಟ ಇರುವುದು ಇಲ್ಲೇ. ಭಾರತದಲ್ಲಿ ಸ್ವಲ್ಪ ದೊಡ್ಡ ಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ಅದಕ್ಕೇ 34 ವಾರದೊಳಗೆ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ತೋರಿಸಬೇಕು. ಆದರೆ ಆ ಹೊತ್ತಿಗೆ ತಾಯಿ ತವರಿನಲ್ಲಿ ಬಾಣಂತನದಲ್ಲಿರುತ್ತಾಳೆ. ಎಳೆ ಕೂಸನ್ನು ಹೊರಗೆ ತರಬೇಡ ಅಂತ ಮನೆಯ ಹಿರಿಯರು ಹೇಳುತ್ತಾರೆ. ರೆಟಿನಾ ನೋಡಬಲ್ಲ ಡಾಕ್ಟರ್ ಇರುವುದು ದೂರದ ನಗರದಲ್ಲಿ.

ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ 2008ರಲ್ಲಿ ಕಿಡ್‌ರಾಪ್ ಎಂಬ ತಪಾಸಣಾ ಯೋಜನೆ ಶುರು ಮಾಡಿದ್ದು ಇದಕ್ಕೇ. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೆ ಹೋಗುತ್ತಾರೆ. ಮಗುವಿನ ರೆಪ್ಪೆ ಮೆಲ್ಲಗೆ ಬಿಡಿಸಿ ರೆಟಿನಾದ ಫೋಟೋ ತೆಗೆಯುತ್ತಾರೆ. ಫೋಟೋ ಬೆಂಗಳೂರಿನ ತಜ್ಞರಿಗೆ ಹೋಗುತ್ತದೆ. ಹಸಿರು ಅಂದರೆ ನಿಶ್ಚಿಂತೆ, ಕಿತ್ತಳೆ ಅಂದರೆ ಮತ್ತೆ ಬರಬೇಕು, ಕೆಂಪು ಅಂದರೆ ತಡಮಾಡದೆ ಚಿಕಿತ್ಸೆ. ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಯಾವ ಬಣ್ಣ ಅಂತ ಕೇಳಿಕೊಂಡೇ ಮನೆಗೆ ಹೋಗಬಹುದು.