ಫಿಟ್ ಟು ಫ್ಲೈ ಲೆಟರ್ ಕೊಡ್ತೀನಿ, ಇಳಿಯೋ ಊರಿನ ಜವಾಬ್ದಾರಿ ಯಾರದ್ದು?

ಈದ್ ರಜೆ ಹತ್ರ ಬಂತು ಅಂದ್ರೆ ದುಬೈನಲ್ಲಿ ಹೆರಿಗೆ ಡಾಕ್ಟರ್‌ಗಳಿಗೆಲ್ಲಾ ಒಂದೇ ಥರದ ಪೇಷಂಟ್‌ಗಳು ಬರೋಕೆ ಶುರು ಆಗ್ತಾರೆ. ಗಂಡನ ಮೊಬೈಲ್‌ನಲ್ಲಿ ಟಿಕೆಟ್ ಪಿಡಿಎಫ್ ಓಪನ್ ಆಗಿರುತ್ತೆ, ಹೋಟೆಲ್ ಬುಕ್ ಆಗಿರುತ್ತೆ, ಅದೂ ನಾನ್ ರಿಫಂಡಬಲ್, ಆಮೇಲೆ ನನ್ನ ಮುಂದೆ ಕೂತು ಕೇಳ್ತಾರೆ, "ಡಾಕ್ಟ್ರೇ, ಇವಳಿಗೆ ಫಿಟ್ ಟು ಫ್ಲೈ ಲೆಟರ್ ಒಂದು ಕೊಟ್ಬಿಡ್ತೀರಾ?" ಅಂದ್ರೆ ಈ ಬಸುರಿ ವಿಮಾನ ಹತ್ತಬಹುದು ಅಂತ ಡಾಕ್ಟರ್ ಬರೆದು ಕೊಡೋ ಕಾಗದ. ಎಷ್ಟು ವಾರ ಅಂತ ಕೇಳಿದ್ರೆ ಇಬ್ರೂ ಮುಖ ಮುಖ ನೋಡ್ಕೋತಾರೆ. ಹೊಟ್ಟೆಯಲ್ಲಿರೋ ಮಗುವಿನ ವಾರ ಗೊತ್ತಿಲ್ಲ, ಬ್ಯಾಗೇಜ್ ಎಷ್ಟು ಕೆಜಿ ಅಂತ ಕರೆಕ್ಟಾಗಿ ಗೊತ್ತು.

ಬೈಯೋಕೆ ಮನಸ್ಸೂ ಬರಲ್ಲ ಬಿಡಿ. ಊರು ಬಿಟ್ಟು ಬಂದು ಕರಾಮಾದಲ್ಲೋ ಶಾರ್ಜಾದಲ್ಲೋ ಒಂದು ಬೆಡ್‌ರೂಮ್ ಫ್ಲ್ಯಾಟಲ್ಲಿ ಇಬ್ರೇ ಇರ್ತಾರೆ, ಮಗು ಬಂದ್ಮೇಲೆ ಇನ್ನು ಮೂರು ವರ್ಷ ಎಲ್ಲೂ ಹೋಗಕ್ಕಾಗಲ್ಲ ಅಂತ ಯಾರೋ ಫ್ರೆಂಡ್ಸ್ ಹೆದರಿಸಿರ್ತಾರೆ, ಅದಕ್ಕೆ ಜಾರ್ಜಿಯಾ, ಬಾಕು, ಮಾಲ್ಡೀವ್ಸ್, ಥಾಯ್ಲೆಂಡ್ ಯಾವುದೋ ಒಂದು ಹೋಗಿ ಬರೋಣ ಅಂತ ಆಸೆ. ತಪ್ಪೇನಿಲ್ಲ. ಬಸುರಿ ಅಂದ್ರೆ ಕಾಯಿಲೆ ಅಲ್ಲ. ನಾನು ಹೋಗಬೇಡಿ ಅಂತ ಹೇಳೋದಕ್ಕಿಂತ ಹೋಗಿ ಅಂತ ಹೇಳೋದೇ ಜಾಸ್ತಿ.

ಆದ್ರೆ ಈ ಲೆಟರ್ ಬಗ್ಗೆ ಜನಕ್ಕೆ ಇರೋ ನಂಬಿಕೆ ಇದೆಯಲ್ಲಾ, ಅದು ನನಗೆ ತಲೆನೋವು. ಡಾಕ್ಟರ್ ಸೈನ್ ಹಾಕಿ ಸೀಲ್ ಹೊಡೆದ್ರು ಅಂದ್ರೆ ಟ್ರಿಪ್ ಸೇಫ್ ಅಂತ ಅಂದ್ಕೋತಾರೆ. ಅಲ್ಲ ಸ್ವಾಮಿ. ಆ ಲೆಟರ್ ಏರ್‌ಲೈನ್‌ಗೋಸ್ಕರ ಇರೋದು, ನಿಮಗೋಸ್ಕರ ಅಲ್ಲ. ಸಾಮಾನ್ಯವಾಗಿ 28 ವಾರ ದಾಟಿದ್ ಮೇಲೆ ಲೆಟರ್ ಕೇಳ್ತಾರೆ, ಒಂದೇ ಮಗು ಆದ್ರೆ ಸುಮಾರು 36 ವಾರದ ತನಕ, ಅವಳಿ ಆದ್ರೆ 32ರ ತನಕ ಹತ್ತಿಸ್ಕೋತಾರೆ, ಕೆಲವು ಕಂಪನಿಗಳು ಇದಕ್ಕಿಂತ ಸ್ವಲ್ಪ ಹಿಂದೆ ಮುಂದೆ, ನಿಮ್ಮ ಏರ್‌ಲೈನ್ ವೆಬ್‌ಸೈಟ್ ನೋಡ್ಕೊಳ್ಳಿ. ಅವರ ತಲೆಬಿಸಿ ಏನಂದ್ರೆ ನಡು ಆಕಾಶದಲ್ಲಿ ಹೆರಿಗೆ ಆಗಬಾರದು, ವಿಮಾನ ಡೈವರ್ಟ್ ಮಾಡೋ ಹಾಗೆ ಆಗಬಾರದು. ನೀವು ಲ್ಯಾಂಡ್ ಆದ ತಕ್ಷಣ ಅವರ ಚಿಂತೆ ಮುಗೀತು. ನನ್ನ ಚಿಂತೆ ಅಲ್ಲಿಂದ ಶುರು.

ಹಾರೋದು ಅಷ್ಟೇನೂ ದೊಡ್ಡ ವಿಷ್ಯ ಅಲ್ಲ, ಇದನ್ನ ಮೊದಲು ತಲೆಯಿಂದ ತೆಗೀರಿ. ಕ್ಯಾಬಿನ್ ಒಳಗಿನ ಗಾಳಿ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿ ಇರೋ ಹಾಗೆ ಇರುತ್ತೆ, ಅಂದ್ರೆ ಹೆಚ್ಚುಕಮ್ಮಿ ಊಟಿಯಲ್ಲಿ ಕೂತ ಹಾಗೆ. ಮಗುವಿನ ರಕ್ತದ ಹಿಮೋಗ್ಲೋಬಿನ್ ನಮ್ಮದಕ್ಕಿಂತ ಚೆನ್ನಾಗಿ ಆಕ್ಸಿಜನ್ ಹಿಡ್ಕೊಳ್ಳುತ್ತೆ, ಹಾಗಾಗಿ ಆರೋಗ್ಯವಾಗಿರೋ ಬಸುರಿಗೆ ಅದರಿಂದ ತೊಂದರೆ ಇಲ್ಲ. ತುಂಬಾ ರಕ್ತಹೀನತೆ, ಹಾರ್ಟ್ ಪ್ರಾಬ್ಲಮ್, ಲಂಗ್ಸ್ ಪ್ರಾಬ್ಲಮ್ ಇದ್ರೆ ಮಾತು ಬೇರೆ. ಸೆಕ್ಯೂರಿಟಿ ಗೇಟ್ ದಾಟಿದ್ರೂ ಏನೂ ಆಗಲ್ಲ. ನಾಲ್ಕು ಗಂಟೆಗಿಂತ ಉದ್ದದ ಫ್ಲೈಟ್ ಆದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಚಾನ್ಸ್ ಬಸುರಿಯರಿಗೆ ಜಾಸ್ತಿ, ಅದಕ್ಕೆ ಆಗಾಗ ಎದ್ದು ಓಡಾಡಿ, ನೀರು ಕುಡೀರಿ, ಪದೇ ಪದೇ ಟಾಯ್ಲೆಟ್‌ಗೆ ಹೋಗ್ಬೇಕಾಗುತ್ತೆ ಅಂತ ನೀರು ಬಿಡಬೇಡಿ. ಸೀಟ್ ಬೆಲ್ಟ್ ಹೊಟ್ಟೆ ಕೆಳಗೆ ತೊಡೆ ಮೇಲೆ ಬರಬೇಕು. ಇಷ್ಟೇ ಫ್ಲೈಟ್ ಕಥೆ.

ಈಗ ನಾನು ದಿನಾ ಹೇಳಿ ಹೇಳಿ ಸಾಕಾಗಿರೋ ವಿಷ್ಯ. "ಹಾರಬಹುದಾ" ಅಂತ ಕೇಳಬೇಡಿ, "ಅಲ್ಲಿ ಏನಾದ್ರೂ ಆದ್ರೆ ಏನು ಮಾಡೋದು" ಅಂತ ಕೇಳಿ. ಇದನ್ನ ಹೇಳಿದ ತಕ್ಷಣ ಕೆಲವರು, ವಿಶೇಷವಾಗಿ ಫೋನಲ್ಲಿ ಸ್ಪೀಕರ್ ಮೇಲಿರೋ ಅತ್ತೆಯವರು, "ಬಿಡ್ತು ಅನ್ನಿ ಡಾಕ್ಟ್ರೇ" ಅಂತಾರೆ. ಬಿಡ್ತು ಅಂತೀನಮ್ಮ, ಆದ್ರೂ ಲೆಕ್ಕ ಹೇಳಲೇಬೇಕಲ್ಲ. ಜಗತ್ತಲ್ಲಿ ಹುಟ್ಟೋ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಂದು 37 ವಾರಕ್ಕೆ ಮುಂಚೆ ಹುಟ್ಟುತ್ತೆ, ಅದರಲ್ಲಿ ಎಷ್ಟೋ ಜನಕ್ಕೆ ಮುಂಚಿತವಾಗಿ ಯಾವ ಸೂಚನೆಯೂ ಇರಲ್ಲ, ಸ್ಕ್ಯಾನ್ ಎಲ್ಲಾ ನಾರ್ಮಲ್ ಇರುತ್ತೆ. ತುಂಬಾ ಬೇಗ, ಅಂದ್ರೆ 28ರ ಆಸುಪಾಸಲ್ಲಿ ಹುಟ್ಟೋದು ಅಪರೂಪ, ಒಪ್ತೀನಿ. ಆದ್ರೆ 27 ವಾರದಲ್ಲಿ ನೀರು ಒಡೆದು ಹೋಯ್ತು ಅಂತ ಇಟ್ಕೊಳ್ಳಿ. ದುಬೈನಲ್ಲಿ ಆದ್ರೆ ಅರ್ಧ ಗಂಟೆಯಲ್ಲಿ ಆಸ್ಪತ್ರೆ, ಮಗುವಿನ ಶ್ವಾಸಕೋಶಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್, ಎನ್‌ಐಸಿಯು ಅಂದ್ರೆ ಹಸುಗೂಸುಗಳ ಐಸಿಯು, ಎಲ್ಲಾ ಇದೆ, ಮೊದಲ 30 ದಿನ ಮಗು ಅಮ್ಮನ ಇನ್ಶೂರೆನ್ಸ್ ಕೆಳಗೇ ಬರುತ್ತೆ. ಅದೇ ನೀವು ಯಾವುದೋ ಬೆಟ್ಟದ ಮೇಲಿನ ರೆಸಾರ್ಟಲ್ಲಿ ಇದ್ರೆ? ಅಷ್ಟು ಬೇಗ ಹುಟ್ಟಿದ ಮಗು ಸಾಮಾನ್ಯವಾಗಿ ಮೊದಲು ಕೊಟ್ಟಿದ್ದ ಡೆಲಿವರಿ ಡೇಟ್ ಹತ್ರ ಬರೋ ತನಕ ಆಸ್ಪತ್ರೆಯಲ್ಲೇ ಇರಬೇಕು. ಅಂದ್ರೆ ನಾಲ್ಕು ದಿನದ ಟ್ರಿಪ್ ಮೂರು ತಿಂಗಳು. ಗಂಡನಿಗೆ ಅಷ್ಟು ರಜೆ ಇಲ್ಲ, ನಿಮ್ಮ ಟೂರಿಸ್ಟ್ ವೀಸಾ ಮುಗಿಯುತ್ತೆ, ನರ್ಸ್‌ಗೆ ಇಂಗ್ಲಿಷ್ ಬರಲ್ಲ. ಆಮೇಲೆ ಮಗುಗೆ ಪಾಸ್‌ಪೋರ್ಟ್ ಎಲ್ಲಿದೆ? ಆ ದೇಶದ ಬರ್ತ್ ಸರ್ಟಿಫಿಕೇಟ್ ತಗೋಬೇಕು, ಅದನ್ನ ಟ್ರಾನ್ಸ್‌ಲೇಟ್ ಮಾಡಿಸ್ಬೇಕು, ಆ ದೇಶ ನೋಡ್ಕೊಳ್ಳೋ ಇಂಡಿಯನ್ ಎಂಬೆಸಿಗೆ ಹೋಗಿ ಮಗುವನ್ನ ರಿಜಿಸ್ಟರ್ ಮಾಡಿಸಿ ಪಾಸ್‌ಪೋರ್ಟ್ ಮಾಡಿಸ್ಬೇಕು, ಆಮೇಲೆ ಅದಕ್ಕೆ ಯುಎಇ ವೀಸಾ. ಇಷ್ಟೂ ಆಗೋ ತನಕ ಮಗು ವಿಮಾನ ಹತ್ತೋ ಹಾಗಿಲ್ಲ.

ಇನ್ಶೂರೆನ್ಸ್ ಇದೆ ಅಂತಾರೆ. ಯಾವ ಇನ್ಶೂರೆನ್ಸ್? ಕಂಪನಿ ಕೊಟ್ಟಿರೋ ಕಾರ್ಡ್ ಬಹಳಷ್ಟು ಸಲ ಯುಎಇ ಒಳಗೆ ಮಾತ್ರ, ಕೆಲವಕ್ಕೆ ಇಂಡಿಯಾನೂ ಸೇರಿರುತ್ತೆ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಗರ್ಭಿಣಿ ಅನ್ನೋ ಪದ ಹುಡುಕಿ ನೋಡಿ, ಎಷ್ಟೋ ಪಾಲಿಸಿಯಲ್ಲಿ ಪೂರ್ತಿ ಹೊರಗಿಟ್ಟಿರ್ತಾರೆ, ಕೆಲವರು ಇಷ್ಟು ವಾರದ ತನಕ ಕಾಂಪ್ಲಿಕೇಶನ್ ಮಾತ್ರ ಅಂತಾರೆ. ಮುಖ್ಯವಾಗಿ ಹುಟ್ಟಿದ ಮಗು ಕವರ್ ಆಗುತ್ತಾ ಅಂತ ಕೇಳಿ, ಪಾಲಿಸಿ ತಗೊಂಡಾಗ ಅದು ಹುಟ್ಟೇ ಇರಲಿಲ್ಲವಲ್ಲ. ಕೇಳೋದು ಈಮೇಲ್‌ನಲ್ಲಿ ಕೇಳಿ, ಫೋನಲ್ಲಿ ಯಾರೋ "ಕವರ್ ಆಗುತ್ತೆ ಸರ್" ಅಂದಿದ್ದು ಬಿಲ್ ಬಂದಾಗ ಉಪಯೋಗಕ್ಕೆ ಬರಲ್ಲ.

ಒಂದು ಜೋಡಿ ವಿಷ್ಯ ಹೇಳ್ತೀನಿ, ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದ್ದೀನಿ. ಕುಂದಾಪುರ ಕಡೆಯವರು, ಮಾಲ್ಡೀವ್ಸ್‌ಗೆ ಹೋಗಿದ್ರು, ಸೀಪ್ಲೇನ್‌ನಲ್ಲಿ ಹೋಗೋ ಅಂಥ ದೂರದ ದ್ವೀಪ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಕಾಲ್, ಹೆಂಡತಿಗೆ ಬ್ಲೀಡಿಂಗ್. ಸೀಪ್ಲೇನ್‌ಗಳು ಬೆಳಕಿದ್ದಾಗ ಮಾತ್ರ ಹಾರೋದು, ಇದು ಅವರಿಗೆ ಆವತ್ತೇ ಗೊತ್ತಾಗಿದ್ದು. ಸ್ಪೀಡ್ ಬೋಟ್‌ನಲ್ಲಿ ಹೋಗೋಣ ಅಂದ್ರೆ ಸಮುದ್ರ ಸರಿ ಇಲ್ಲ. ಪ್ಲಾಸೆಂಟಾ (ಮಾಸು) ಎಲ್ಲಿದೆ, ಬ್ಲಡ್ ಗ್ರೂಪ್ ಯಾವುದು ಅಂತ ರೆಸಾರ್ಟಿನ ಡಾಕ್ಟರ್ ಕೇಳಿದ್ರೆ ಇವರ ಹತ್ರ ಒಂದು ಕಾಗದ ಇಲ್ಲ. "ರಿಪೋರ್ಟ್ ಎಲ್ಲಾ ನಿಮ್ಮ ಕಂಪ್ಯೂಟರಲ್ಲೇ ಇದೆಯಲ್ಲಾ ಮೇಡಂ" ಅಂದ ಗಂಡ, ನಾನು ಊಟದ ತಟ್ಟೆ ಮುಂದೆ ಕೂತಿದ್ದೆ. ಆಕೆ ನೆಗೆಟಿವ್ ಗ್ರೂಪ್, ಅಂಥವರಿಗೆ ಬ್ಲೀಡಿಂಗ್ ಆದ್ರೆ ಅಮ್ಮನ ಮೈ ಮಗುವಿನ ರಕ್ತದ ವಿರುದ್ಧ ತಿರುಗಿ ಬೀಳದ ಹಾಗೆ ತಡೆಯೋ ಆಂಟಿ-ಡಿ ಇಂಜೆಕ್ಷನ್ 72 ಗಂಟೆ ಒಳಗೆ ಬೇಕು. ಪುಣ್ಯಕ್ಕೆ ಬ್ಲೀಡಿಂಗ್ ತಾನಾಗೇ ನಿಂತು, ಬೆಳಿಗ್ಗೆ ರಾಜಧಾನಿ ಮಾಲೆಗೆ ಬಂದು ಇಂಜೆಕ್ಷನ್ ತಗೊಂಡ್ರು, ಆಮೇಲೆ ತಿಂಗಳು ತುಂಬಿ ಹೆಣ್ಣು ಮಗು ಆಯ್ತು. ಆ ಗಂಡ ಈಗ ಯಾರೇ ಬಸುರಿ ಫ್ರೆಂಡ್ ಟ್ರಿಪ್ ಅಂದ್ರೂ ನನಗಿಂತ ಉದ್ದ ಭಾಷಣ ಮಾಡ್ತಾನಂತೆ.

ಹಾಗಾಗಿ ನನ್ನ ಸಲಹೆ, ನಿಮ್ಮ ನಿಮ್ಮ ಡಾಕ್ಟರ್ ಬೇರೆ ಹೇಳಿದ್ರೆ ಅವರ ಮಾತೇ ಕೇಳಿ: 14 ವಾರ ಕಳೆದ್ಮೇಲೆ 28 ವಾರಕ್ಕೆ ಮುಂಚೆ ಹೋಗಿ ಬನ್ನಿ, ಅದರಲ್ಲೂ 18-20 ವಾರದಲ್ಲಿ ಮಗುವಿನ ಅಂಗಾಂಗ ನೋಡೋ ಅನಾಮಲಿ ಸ್ಕ್ಯಾನ್ ಆದ್ಮೇಲೆ ಹೋದ್ರೆ ಇನ್ನೂ ಒಳ್ಳೇದು, ಪ್ಲಾಸೆಂಟಾ ಕೆಳಗಿದೆಯಾ ಅನ್ನೋದು ಗೊತ್ತಾಗಿರುತ್ತೆ. ಜಾರ್ಜಿಯಾಗೆ ಹೋದ್ರೆ ರಾಜಧಾನಿ ಟಿಬಿಲಿಸಿ ಅಂಥ ಸಿಟಿಯಲ್ಲಿ ಇರಿ, ಬೆಟ್ಟಕ್ಕೆ ಹಗಲಲ್ಲಿ ಹೋಗಿ ಬನ್ನಿ. ಅಲ್ಲಿನ ಗಂಧಕದ ಬಿಸಿನೀರಿನ ಸ್ನಾನ ಈ ಸಲ ಬೇಡ, ಮೈ ಅಷ್ಟು ಬಿಸಿ ಆಗೋದು ಒಳ್ಳೇದಲ್ಲ. ಮಾಲ್ಡೀವ್ಸ್ ಬೇಕೇ ಬೇಕು ಅಂದ್ರೆ ಮಾಲೆ ಹತ್ರದ ದ್ವೀಪ ನೋಡಿ, ಸ್ನಾರ್ಕ್ಲಿಂಗ್ ಓಕೆ, ಸ್ಕೂಬಾ ಬೇಡವೇ ಬೇಡ. ಮಾಲ್ಡೀವ್ಸ್‌ನಲ್ಲೂ ಥಾಯ್ಲೆಂಡ್‌ನಲ್ಲೂ ಸೊಳ್ಳೆಯಿಂದ ಝೀಕಾ ಅನ್ನೋ ವೈರಸ್ ಬರೋ ಸಾಧ್ಯತೆ ಇದೆ, ಅದು ಮಗುವಿನ ಮಿದುಳಿಗೆ ತೊಂದರೆ ಮಾಡುತ್ತೆ, ಗಂಡನಿಗೆ ಬಂದ್ರೂ ಅವನಿಂದ ಹೆಂಡತಿಗೆ ಹರಡುತ್ತೆ, ಹಾಗಾಗಿ ಸೊಳ್ಳೆ ಕ್ರೀಮ್ ಇಬ್ರೂ ಹಚ್ಕೊಳ್ಳಿ. ಮಲೇರಿಯಾ ಇರೋ ಕಡೆ ಸಫಾರಿ ಅಂತ ಹೊರಟ್ರೆ ಮಾತ್ರ ನಾನು ನೇರವಾಗಿ ಬೇಡ ಅಂತೀನಿ. ಫೈಲ್‌ನ ಒಂದು ಪ್ರಿಂಟ್ ಕೈಚೀಲದಲ್ಲಿ ಇರಲಿ, ಸೂಟ್‌ಕೇಸಲ್ಲಿ ಅಲ್ಲ.

ಇನ್ನೊಂದು, ದೂರ ಹೋಗೋದೇ ಬೇಡ, ಇಲ್ಲೇ ಊರಿಂದ ಅತ್ತಿಗೆ ಭಾವ ಬಂದ್ರು ಅಂತ ಡೆಸರ್ಟ್ ಸಫಾರಿಗೆ ಬಸುರಿಯನ್ನೂ ಕರ್ಕೊಂಡು ಹೋಗಿ ಮರಳ ದಿಬ್ಬದ ಮೇಲೆ ಜೀಪ್ ಹಾರಿಸೋರು ಇದ್ದಾರೆ. ಮೂರೂವರೆ ಗಂಟೆ ಸುಮ್ನೆ ಕೂತು ಮಂಗಳೂರಿಗೆ ಹೋಗೋಕೆ ಲೆಟರ್ ಕೇಳ್ತಾರೆ, ಈ ಜೀಪಿಗೆ ಯಾರೂ ಕೇಳಲ್ಲ. ಪ್ಲಾಸೆಂಟಾ ಕಿತ್ತು ಬರೋ ಅಪಾಯ ಇರೋದು ಈ ಥರ ಏಟು ಕುಲುಕಾಟದಲ್ಲಿ.

ಊರು ಅಂದ ತಕ್ಷಣ ಚೊಚ್ಚಲ ಹೆರಿಗೆಗೆ ತವರಿಗೆ ಹೋಗೋರ ವಿಷ್ಯ ಬಂತು. ಅಲ್ಲಿ ಅಮ್ಮಂದಿರ ಲೆಕ್ಕ ತಿಂಗಳಲ್ಲಿ, ಏರ್‌ಲೈನ್ ಲೆಕ್ಕ ವಾರದಲ್ಲಿ. ಕಡೇ ಮುಟ್ಟಿನ ಮೊದಲ ದಿನದಿಂದ ವಾರ ಎಣಿಸೋದು, ಹಾಗಾಗಿ ಮಗು ನಿಂತ ದಿನಕ್ಕೇ ಎರಡು ವಾರ ಆಗಿರುತ್ತೆ. "ಒಂಬತ್ತರಲ್ಲಿ ಒಳ್ಳೆ ಮುಹೂರ್ತ ಇದೆ, ಸೀಮಂತ ಮಾಡ್ಕೊಂಡು ಹೋಗ್ಲಿ" ಅಂತಾರೆ, ಆ ಮುಹೂರ್ತ ನೋಡಿದ್ರೆ 37 ವಾರದಲ್ಲಿ ಬಿದ್ದಿರುತ್ತೆ. ಬರೀ ಸೀಮಂತಕ್ಕೆ ಅಂತ ಹೋಗಿ ವಾಪಸ್ ಬರೋರದ್ದು ಇನ್ನೂ ಕಷ್ಟ. ಅವಳಿ ಮಕ್ಕಳು, ಹೋಗೋವಾಗ 30 ವಾರ, ಮೂರು ವಾರ ಇದ್ದು ಬರೋವಾಗ 33, ಹತ್ತಿಸ್ಕೊಳ್ಳಲ್ಲ. ಲೆಕ್ಕ ಹಾಕೋವಾಗ ರಿಟರ್ನ್ ಡೇಟ್ ನೋಡಿ, ಹೋಗೋ ಡೇಟ್ ಅಲ್ಲ. ಲೆಟರ್ ಕೂಡ ಇತ್ತೀಚಿನದ್ದೇ ಬೇಕು ಅಂತ ಕೇಳ್ತಾರೆ, ನಾನಿಲ್ಲಿ ಬರೆದಿದ್ದು ವಾಪಸ್ ಬರೋಕೆ ನಡೆಯದೇ ಇರಬಹುದು, ಊರಿನ ಡಾಕ್ಟರ್ ಹತ್ರ ಹೊಸದು ತಗೋಬೇಕು. ಏಳರಲ್ಲಿ ಹುಟ್ಟಿದ್ದು ಬದುಕುತ್ತೆ ಎಂಟರಲ್ಲಿ ಹುಟ್ಟಿದ್ದು ಬದುಕಲ್ಲ ಅನ್ನೋ ಮಾತೂ ಇದೇ ತಿಂಗಳ ಲೆಕ್ಕದ ಜೊತೆ ಬರುತ್ತೆ. ಸುಳ್ಳು. ಒಳಗಿದ್ದಷ್ಟು ವಾರ ಲಾಭವೇ.

ತವರಲ್ಲಿ ಬಾಣಂತನ ಆಗೋದು ನನಗೂ ಇಷ್ಟ. ಇಲ್ಲಿ ಪ್ರೈವೇಟ್ ಕೆಲಸದಲ್ಲಿ ಹೆರಿಗೆ ರಜೆ 60 ದಿನ, ಅದರಲ್ಲಿ 45 ಪೂರ್ತಿ ಸಂಬಳ 15 ಅರ್ಧ ಸಂಬಳ, ಅಷ್ಟರಲ್ಲಿ ಒಬ್ಬಳೇ ಮಗು ನೋಡ್ಕೊಂಡು ಅಡುಗೆ ಮಾಡ್ಕೊಂಡು ಎದ್ದು ನಿಲ್ಲೋದು ಅಷ್ಟು ಸುಲಭ ಅಲ್ಲ. ಆದ್ರೆ ಕೆಲಸ ಇಲ್ಲದವರು ಗಂಡನ ವೀಸಾದಲ್ಲಿ ಇದ್ದು ಆರಾಮಾಗಿ ಹೋಗಿ ಕೂತ್ರೆ, ಯುಎಇ ಹೊರಗೆ 180 ದಿನ ದಾಟಿದ್ರೆ ರೆಸಿಡೆನ್ಸ್ ವೀಸಾ ಬಿದ್ದು ಹೋಗುತ್ತೆ, ಗೋಲ್ಡನ್ ವೀಸಾದವರಿಗೆ ಬಿಟ್ಟು. ಏಳನೇ ತಿಂಗಳಲ್ಲಿ ಹೊರಟು, ಮೂರು ತಿಂಗಳ ಬಾಣಂತನ ಮುಗಿಸಿ, ಆಮೇಲೆ ಮಗುವಿನ ಪೇಪರ್ ಅಂತ ಓಡಾಡೋಕೆ ಶುರು ಮಾಡಿದ್ರೆ ದಿನ ಸಾಲಲ್ಲ. ಪೇಪರ್ ಕೆಲಸ ಬಾಣಂತನದ ಜೊತೆಗೇ ಶುರು ಆಗ್ಬೇಕು, 21 ದಿನದೊಳಗೆ ಜನನ ನೋಂದಣಿ, ಆಮೇಲೆ ಪಾಸ್‌ಪೋರ್ಟ್, ಸರ್ಟಿಫಿಕೇಟ್ ಅಟೆಸ್ಟೇಶನ್, ವೀಸಾ. ಅದೆಲ್ಲಾ ತಡ ಆಗೋದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ, ಮಗುವಿನ ಹೆಸರು ಫೈನಲ್ ಆಗಿರಲ್ಲ. ಜೋಯಿಸರು ಒಂದು ಅಕ್ಷರ ಕೊಟ್ಟಿರ್ತಾರೆ, ಆ ಅಕ್ಷರದಲ್ಲಿ ಇನ್‌ಸ್ಟಾಗ್ರಾಂನಲ್ಲಿ ಚೆನ್ನಾಗಿ ಕಾಣೋ ಹೆಸರು ಸಿಕ್ಕಿರಲ್ಲ.

ಹೆಸರಿನ ವಿಷ್ಯ ನನ್ನ ಸಬ್ಜೆಕ್ಟ್ ಅಲ್ಲ, ಆದ್ರೂ ಹೇಳ್ಬಿಡ್ತೀನಿ. ನಮ್ಮ ಕಡೆ ಇನಿಷಿಯಲ್ ಇಟ್ಕೊಂಡು ಒಂದೇ ಹೆಸರು ಬರೆಯೋ ಅಭ್ಯಾಸ ಇದೆಯಲ್ಲಾ, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟುಬಿಡ್ತಾರೆ. 2022ರ ನವೆಂಬರ್‌ನಿಂದ ಬರೀ ಒಂದೇ ಹೆಸರಿರೋ ಪಾಸ್‌ಪೋರ್ಟ್‌ಗೆ ಯುಎಇ ವಿಸಿಟ್ ವೀಸಾ ಸಿಗಲ್ಲ. ಮಗುವಿನ ಅರ್ಜಿ ತುಂಬೋವಾಗ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಏನಾದ್ರೂ ಬರೀರಿ, ಖಾಲಿ ಬಿಡಬೇಡಿ, ಬರ್ತ್ ಸರ್ಟಿಫಿಕೇಟಿನ ಸ್ಪೆಲ್ಲಿಂಗೂ ಅದೇ ಇದೆಯಾ ನೋಡ್ಕೊಳ್ಳಿ.